ಸಂಶಯವನ್ನು ಬರೆಯಲಾಗದ ರೇಖೆ: ಪ್ರಾಣಿಶಾಸ್ತ್ರದ ಹಳೆಯ ಚಿತ್ರಪಟಗಳನ್ನು ಕುರಿತು

ಜೀವಿಗಳನ್ನು ಅಂಡಜ, ಜರಾಯುಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕಾಗಿ ವಿಂಗಡಿಸುವ ಕ್ರಮವು ನಮ್ಮ ಪ್ರಾಚೀನ ಸಾಹಿತ್ಯವನ್ನು ಓದುವವರಿಗೆ ಸುಪರಿಚಿತವಾದುದು. ಮೊಟ್ಟೆಯಿಟ್ಟು ಮರಿಗೆ ಹಾಲೂಡುವ ಪ್ಲಾಟಿಪಸ್ ಈ ವಿಂಗಡಣೆಯಲ್ಲಿ ಎಲ್ಲಿಯೂ ನೆಲೆಗೊಳ್ಳದು. ಯುರೋಪಿನ ಪಂಡಿತರಿಗೂ ಅದು ತೊಡಕಾಗಿಯೇ ಬಂದಿತು. ಜಾರ್ಜ್ ಶಾ 1799ರಲ್ಲಿ ‘ನ್ಯಾಚುರಲಿಸ್ಟ್ಸ್ ಮಿಸೆಲನಿ’ಯಲ್ಲಿ ಇದನ್ನು ವರ್ಣಿಸಿದಾಗ ಅವನ ಮುಂದಿದ್ದುದು ಆಸ್ಟ್ರೇಲಿಯದಿಂದ ಬಂದ ಒಣಗಿದ ಚರ್ಮ. ಚತುಷ್ಪಾದಿಯೊಂದರ ತಲೆಗೆ ಬಾತಿನ ಕೊಕ್ಕನ್ನು ಯಾರೋ ಕೌಶಲದಿಂದ ಜೋಡಿಸಿರಬಹುದೆಂಬ ಶಂಕೆಯನ್ನು ಅವನು ಮುಚ್ಚಿಡಲಿಲ್ಲ.

ಆದರೆ ಅದೇ ಬರಹದೊಡನೆ ಅಚ್ಚಾದ ಫ್ರೆಡರಿಕ್ ನಾಡರನ ಚಿತ್ರದಲ್ಲಿ ಆ ಶಂಕೆಯ ಸುಳಿವೇ ಇಲ್ಲ. ಗದ್ಯಕ್ಕೆ ‘ಇರಬಹುದು’ ಎಂಬ ಕ್ರಿಯಾರೂಪವುಂಟು. ರೇಖೆಗೆ ಅಂತಹ ರೂಪವಿಲ್ಲ. ಕೊಕ್ಕಿನ ಅಂಚನ್ನು ಎಳೆದೊಡನೆ ಅದು ‘ಇದೆ’ ಎಂದಾಗಿಬಿಡುತ್ತದೆ. ಇಂತಹ ಪಟಗಳನ್ನು ಪುಸ್ತಕದಿಂದ ಬೇರ್ಪಡಿಸಿ ಚೌಕಟ್ಟಿಗೆ ಹಾಕಿ ಮೆಚ್ಚುವ ರೂಢಿ ನನಗೆ ಒಪ್ಪಿಗೆಯಾಗದು. ಹಾಗೆ ಮಾಡಿದಾಗ ಶಾನ ಪ್ರಾಮಾಣಿಕತೆಯೇ ಕಳಚಿಹೋಗುತ್ತದೆ. ಪಾಠಾಂತರಗಳನ್ನು ಕೈಬಿಟ್ಟು ಮೂಲವನ್ನಷ್ಟೇ ಅಚ್ಚುಹಾಕಿದ ಸಂಪಾದನೆಗಳನ್ನು ಕಂಡವರಿಗೆ ಈ ನಷ್ಟ ಹೊಸದಲ್ಲ.

ಹೆನ್ರಿ ಡಿ ಲಾ ಬೀಚ್ 1830ರಲ್ಲಿ ರಚಿಸಿದ ‘ಡ್ಯೂರಿಯ ಆಂಟಿಕ್ವಿಯರ್’ ಬೇರೊಂದು ಬಗೆಯದು. ಮೇರಿ ಆನಿಂಗ್ ಲೈಮ್ ರೀಜಿಸ್ ಕಡಲದಂಡೆಯಲ್ಲಿ ಶೋಧಿಸಿದ ಪಳೆಯುಳಿಕೆಗಳೇ ಇದಕ್ಕೆ ಮುಖ್ಯ ಆಧಾರ. ಕಲ್ಲಚ್ಚಿನ ಪ್ರತಿಗಳನ್ನು ಮಾರಿ ಬಂದ ಹಣವೂ ಕಷ್ಟದಲ್ಲಿದ್ದ ಆಕೆಗೇ ಸಂದಿತು. ಇಲ್ಲಿ ಇಕ್ತಿಯೋಸಾರ್ ಪ್ಲೀಸಿಯೋಸಾರಿನ ಕೊರಳನ್ನು ಕಚ್ಚಿದೆ. ನೀರಿನಲ್ಲಿ ಮಲ ಬೀಳುತ್ತಿದೆ. ನಗೆ ತರಿಸುವ ಈ ವಿವರವೂ ನಿರಾಧಾರವಲ್ಲ. ಕಲ್ಲಾಗಿ ಉಳಿದ ಮಲವನ್ನು ವಿಲಿಯಂ ಬಕ್‌ಲಂಡ್ ಹಿಂದಿನ ವರ್ಷವಷ್ಟೇ ವಿವೇಚಿಸಿದ್ದನು. ಮೂಳೆಯಿಂದ ಆಹಾರಕ್ಕೆ, ಆಹಾರದಿಂದ ವರ್ತನೆಗೆ ಊಹೆ ಮೆಟ್ಟಿಲು ಮೆಟ್ಟಿಲಾಗಿ ಏರುವುದರಲ್ಲಿಯೇ ಈ ಕೃತಿಯ ಸತ್ವವಿದೆ. ಆದರೂ ಆಧಾರ ಎಲ್ಲಿ ಮುಗಿದು ಕಲ್ಪನೆ ಎಲ್ಲಿ ತೊಡಗಿತೆಂಬುದನ್ನು ಚಿತ್ರ ತಿಳಿಸದು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ ವಾಟರ್‌ಹೌಸ್ ಹಾಕಿನ್ಸ್ ನಿಲ್ಲಿಸಿದ ಇಗ್ವಾನೊಡಾನ್ ಶಿಲ್ಪಗಳ ಮೂಗಿನ ಕೊಂಬು ವಾಸ್ತವವಾಗಿ ಹೆಬ್ಬೆರಳಿನ ಮುಳ್ಳು. 1878ರಲ್ಲಿ ಬೆಲ್ಜಿಯಮ್ಮಿನ ಬೆರ್ನಿಸಾರಿನಲ್ಲಿ ಇಡಿಯ ಅಸ್ಥಿಪಂಜರಗಳು ದೊರೆತ ಮೇಲೆ ಇದು ಸ್ಪಷ್ಟವಾಯಿತು.

ಪ್ಲಾಟಿಪಸ್ ಮೊಟ್ಟೆಯಿಡುವುದೇ ಎಂಬ ವಿವಾದಕ್ಕೆ 1884ರಲ್ಲಿ ಕಾಲ್ಡ್‌ವೆಲ್ಲನ ಶೋಧ ತೆರೆಯೆಳೆಯಿತು. ಅತ್ತ, ಒಡಲಲ್ಲಿ ಮರಿ ಹೊತ್ತ ಇಕ್ತಿಯೋಸಾರಿನ ಪಳೆಯುಳಿಕೆಗಳಿಂದ ಆ ಸರೀಸೃಪ ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತಿತ್ತೆಂಬುದು ದೃಢಪಟ್ಟಿದೆ. ಹಾಲೂಡುವುದು ಅಂಡಜವಾಯಿತು, ಸರೀಸೃಪವು ಜರಾಯುಜದ ಸಾಲಿಗೆ ಸರಿಯಿತು. ನಾಡರನ ಪಟವನ್ನಾಗಲಿ ಡಿ ಲಾ ಬೀಚನ ಕಡಲನ್ನಾಗಲಿ ಎಷ್ಟು ದಿಟ್ಟಿಸಿದರೂ ಇವೆರಡರಲ್ಲಿ ಒಂದೂ ತಿಳಿಯುವಂತಿಲ್ಲ.