ತೆಗೆಯುವವರು, ತೆಗೆಸಿಕೊಳ್ಳುವವರು

ನಾನು ಫೋಟೋಗ್ರಫಿ ತರಗತಿಗೆ ಸೇರಿದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ಅಮ್ಮನ ಎರಡು ಫೋಟೋ ಕೆಟ್ಟದ್ದರಿಂದ. ಗೆಳೆಯನಿಂದ ಕೊಂಡ ಹಳೆಯ ಡಿಎಸ್‌ಎಲ್‌ಆರ್ ಹಿಡಿದುಕೊಂಡು ಊರಿಗೆ ಹೋಗಿದ್ದೆ. ಹೊಸದಾಗಿ ಸುಣ್ಣ ಬಳಿದ ಜಗಲಿಯ ಗೋಡೆಗೆ ಒರಗಿ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಒಂದು ತೆಗೆದೆ. ಗೋಡೆ ಚೆನ್ನಾಗಿ ಬಂದಿತ್ತು, ಅಮ್ಮನ ಮುಖ ಮಾತ್ರ ಕಣ್ಣು ಮೂಗು ಗೊತ್ತಾಗದಷ್ಟು ಕಪ್ಪಾಗಿತ್ತು. ಹತ್ತಿರ ಹೋಗಿ ಮುಖವೇ ಚೌಕಟ್ಟು ತುಂಬುವಂತೆ ಇನ್ನೊಂದು ತೆಗೆದೆ. ಈಗ ಮುಖ ಬೂದಿ ಬಳಿದಂತೆ ಬೆಳ್ಳಗಾಗಿತ್ತು. ಅಮ್ಮ ಎರಡನ್ನೂ ಪರದೆಯ ಮೇಲೆ ನೋಡಿ, "ಎರಡರಲ್ಲೂ ನಾನಿಲ್ಲವಲ್ಲೋ" ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಮನೆಯಲ್ಲಿ ಅವಳ ಹಳೆಯ ಫೋಟೋ ಇನ್ನೊಂದಿದೆ. ಗಂಡಿನ ಕಡೆಯವರಿಗೆ ಕಳಿಸಲೆಂದು ತಾಲ್ಲೂಕು ಕೇಂದ್ರದ ಸ್ಟುಡಿಯೋದಲ್ಲಿ ತೆಗೆಸಿದ್ದು. ಅದರಲ್ಲಿ ಅಮ್ಮ ಬೆಳ್ಳಗಿದ್ದಾಳೆ. ಸ್ಟುಡಿಯೋದವರು ಪೆನ್ಸಿಲು, ಬ್ರಶ್ಶು ಹಿಡಿದು 'ಟಚಿಂಗ್' ಮಾಡಿಕೊಡುತ್ತಿದ್ದ ಕಾಲ ಅದು. ಒಂದು ಫೋಟೋ ಅವಳನ್ನು ಬೇಕೆಂದೇ ಬೆಳ್ಳಗೆ ಮಾಡಿತ್ತು. ನನ್ನ ಎರಡು ಗೊತ್ತಿಲ್ಲದೆಯೇ ಒಮ್ಮೆ ಕಪ್ಪು, ಒಮ್ಮೆ ಬೂದು ಮಾಡಿದ್ದವು. ಅವಳದೇ ಬಣ್ಣದಲ್ಲಿ ಅವಳ ಫೋಟೋ ಒಂದೂ ಇಲ್ಲ ಎಂಬುದು ಆವತ್ತೇ ನನಗೆ ಹೊಳೆದದ್ದು.

ಬೆಂಗಳೂರಿಗೆ ಮರಳಿದ ಮೇಲೆ ಒಂದು ಸಣ್ಣ ತರಗತಿಗೆ ಸೇರಿದೆ. ನಾಲ್ಕು ಭಾನುವಾರ, ಆರು ಜನ. ಒಬ್ಬ ಕಾಲೇಜು ಹುಡುಗಿ, ಇಬ್ಬರು ಸಾಫ್ಟ್‌ವೇರಿನವರು, ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಮಗುವಿನ ಫೋಟೋ ತೆಗೆಯಲೆಂದೇ ಬಂದ ತಾಯಿಯೊಬ್ಬರು, ಮತ್ತು ನಾನು. ಇಂಥ ತರಗತಿಗಳು ಈಗ ನಗರದ ತುಂಬ ಇವೆ. ಇವುಗಳನ್ನು ಯಾರೂ ವಿಮರ್ಶೆಗೆ ತಕ್ಕ ವಸ್ತು ಎಂದುಕೊಳ್ಳುವುದಿಲ್ಲ. ಕಾವ್ಯ ಕಮ್ಮಟಗಳ ಬಗ್ಗೆ, ರಂಗ ತರಬೇತಿಯ ಬಗ್ಗೆ ನಾವು ಪುಟಗಟ್ಟಲೆ ಬರೆದಿದ್ದೇವೆ. ಆದರೆ ನಮ್ಮ ಕಾಲದಲ್ಲಿ ಬಹುಪಾಲು ಜನ ಜಗತ್ತನ್ನು ಚಿತ್ರಿಸುತ್ತಿರುವುದು ಪೆನ್ನಿನಿಂದಲ್ಲ, ಕ್ಯಾಮೆರಾದಿಂದ. ಹಾಗಿದ್ದ ಮೇಲೆ ಕ್ಯಾಮೆರಾದ ಅಕ್ಷರಾಭ್ಯಾಸ ಹೇಗೆ ನಡೆಯುತ್ತಿದೆ ಎಂದು ಕೇಳುವುದು ಸಾಹಿತ್ಯದ ವಿದ್ಯಾರ್ಥಿಗೆ ಹೊರಗಿನ ಪ್ರಶ್ನೆಯೇನಲ್ಲ.

ಮೊದಲ ಭಾನುವಾರ ಮೂರು ಸಂಗತಿ ಕಲಿತೆವು: ಅಪರ್ಚರ್, ಶಟರ್ ವೇಗ, ಐಎಸ್ಒ. ಎಫ್ 2.8ರಿಂದ ಎಫ್ 4ಕ್ಕೆ ಹೋದರೆ ಒಳಗೆ ಬರುವ ಬೆಳಕು ಅರ್ಧವಾಗುತ್ತದೆ. ಶಟರ್ ವೇಗವನ್ನು ಸೆಕೆಂಡಿನ 125ನೇ ಒಂದು ಭಾಗದಿಂದ 60ನೇ ಒಂದು ಭಾಗಕ್ಕೆ ಇಳಿಸಿದರೆ ಕಳೆದುಕೊಂಡದ್ದು ಹೆಚ್ಚುಕಡಿಮೆ ವಾಪಸು ಬರುತ್ತದೆ. ಇದು ವ್ಯಾಕರಣ. ಯೂಟ್ಯೂಬಿನಲ್ಲೂ ಸಿಗುತ್ತದೆ, ಹೆಚ್ಚು ಹೇಳುವುದಕ್ಕೇನಿಲ್ಲ.

ಎರಡನೆಯ ಭಾನುವಾರದ ಪಾಠ ಮಾತ್ರ ಯಾವ ಸಾಹಿತ್ಯ ಸಿದ್ಧಾಂತಕ್ಕೂ ಕಡಿಮೆಯದಲ್ಲ. ಶಿಕ್ಷಕರು ಮೇಜಿನ ಮೇಲೆ ಒಂದು ಬಿಳಿ ಟವೆಲ್, ಒಂದು ಕರಿ ಕೋಟು ಇಟ್ಟರು. ಒಂದೊಂದನ್ನೂ ಚೌಕಟ್ಟು ತುಂಬುವಂತೆ ಆಟೋದಲ್ಲಿ ತೆಗೆಯಿರಿ ಎಂದರು. ಆರೂ ಜನರ ಪರದೆಯ ಮೇಲೆ ಟವೆಲ್ಲೂ ಬೂದು, ಕೋಟೂ ಬೂದು. ಕ್ಯಾಮೆರಾದ ಮೀಟರಿಗೆ ತಾನು ನೋಡುತ್ತಿರುವುದು ಏನೆಂದು ತಿಳಿಯದು. ಎದುರಿಗಿರುವ ಲೋಕ ಒಟ್ಟಾರೆ ಒಂದು ನಡುವಿನ ಬೂದು, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಹಿಂದಕ್ಕೆ ಕಳಿಸುವಂಥದ್ದು ಎಂದು ನಂಬಿಕೊಂಡೇ ಅದು ಲೆಕ್ಕ ಹಾಕುತ್ತದೆ. ಬಿಳಿ ಕಂಡರೆ ಬೆಳಕು ಹೆಚ್ಚಾಯಿತೆಂದು ತಗ್ಗಿಸುತ್ತದೆ. ಕಪ್ಪು ಕಂಡರೆ ಬೆಳಕು ಸಾಲದೆಂದು ಏರಿಸುತ್ತದೆ.

ನನ್ನ ಎರಡು ಫೋಟೋಗಳ ಕಥೆ ಅಲ್ಲಿ ಬಿಚ್ಚಿಕೊಂಡಿತು. ಮೊದಲನೆಯದರಲ್ಲಿ ಮೀಟರ್ ಸುಣ್ಣದ ಗೋಡೆಯನ್ನು ನೋಡಿ ಬೆಳಕು ತಗ್ಗಿಸಿ ಅಮ್ಮನನ್ನು ಕತ್ತಲೆಗೆ ತಳ್ಳಿತ್ತು. ಎರಡನೆಯದರಲ್ಲಿ ಅವಳ ಮುಖವನ್ನೇ ನೋಡಿ, ಇಷ್ಟು ಕಪ್ಪು ಇರಲಾರದೆಂದು ಬೆಳಕು ಏರಿಸಿತ್ತು. ಯಂತ್ರಕ್ಕೆ ದ್ವೇಷವಿಲ್ಲ, ಪ್ರೀತಿಯೂ ಇಲ್ಲ; ಇರುವುದು ಒಂದು ಸರಾಸರಿ. ಸರಾಸರಿಯಿಂದ ದೂರವಿದ್ದವರನ್ನು ಅದು ಸರಾಸರಿಯ ಕಡೆಗೆ ಎಳೆಯುತ್ತದೆ. ನಾವು ಸರಿ ಹೇಳದಿದ್ದರೆ ಅದೇ 'ಸರಿಯಾದ ಎಕ್ಸ್‌ಪೋಶರ್'. ಸರಿ ಹೇಳುವುದಕ್ಕೆ ಒಂದು ಸಣ್ಣ ಗುಂಡಿಯಿದೆ, ಮೇಲೆ ಪ್ಲಸ್, ಮೈನಸ್ ಎಂದು ಬರೆದಿರುತ್ತದೆ.

ಈ ಯಂತ್ರಗಳ ಹಿಂದೆ ಒಂದು ಚರಿತ್ರೆಯೂ ಇದೆ. ಬಣ್ಣದ ಫಿಲ್ಮಿನ ಕಾಲದಲ್ಲಿ ಮುದ್ರಣದ ಬಣ್ಣ ಸರಿಯಿದೆಯೇ ಎಂದು ನೋಡಲು ಲ್ಯಾಬುಗಳಲ್ಲಿ ಒಂದು ಮಾದರಿ ಚಿತ್ರ ಇಟ್ಟುಕೊಳ್ಳುತ್ತಿದ್ದರು. ಕೊಡಾಕ್ ಕಳಿಸುತ್ತಿದ್ದ ಆ ಚಿತ್ರಗಳಿಗೆ 'ಶರ್ಲಿ ಕಾರ್ಡ್' ಎಂದು ಹೆಸರು. ದಶಕಗಳ ಕಾಲ ಅದರಲ್ಲಿದ್ದದ್ದು ಬಿಳಿ ಚರ್ಮದ ಹೆಣ್ಣು. ಅವಳ ಮೈಬಣ್ಣ ಸರಿ ಬಂದರೆ ಎಲ್ಲರ ಮೈಬಣ್ಣವೂ ಸರಿ ಬಂದಂತೆ. ನಮ್ಮ ತಾಲ್ಲೂಕಿನ ಸ್ಟುಡಿಯೋದ ಬ್ರಶ್ಶಿಗೂ ಅಷ್ಟು ದೂರದ ಆ ಕಾರ್ಡಿಗೂ ನಂಟಿಲ್ಲ. ಆದರೆ ಎರಡೂ ಕಡೆ ಸರಿ ಎಂಬುದನ್ನು ಯಾರೋ ಮೊದಲೇ ತೀರ್ಮಾನಿಸಿ ಇಟ್ಟಿದ್ದರು.

ಶಿಕ್ಷಕರು ಈ ಚರಿತ್ರೆಯನ್ನು ಹೇಳಲಿಲ್ಲ. ಟವೆಲ್, ಕೋಟು ತೆಗೆದಿಟ್ಟು ಮುಂದಿನ ಪಾಠಕ್ಕೆ ಹೋದರು. ಕೋಟಿನ ಬದಲು ಅಲ್ಲಿ ಮನುಷ್ಯರ ಮುಖವೊಂದನ್ನು ಇಟ್ಟಿದ್ದರೆ ಅದೇ ಪಾಠ ಎಷ್ಟು ದೂರ ಹೋಗುತ್ತಿತ್ತು! ಇದು ತರಗತಿಯ ಮೇಲೆ ನನ್ನ ಮೊದಲ ತಕರಾರು. ಅದು ಬೆಳಕು ಎಷ್ಟು ಎಂಬುದನ್ನು ಚೆನ್ನಾಗಿ ಕಲಿಸಿತು, ಯಾರ ಮೇಲೆ ಎಂಬುದನ್ನು ನಮಗೇ ಬಿಟ್ಟಿತು.

ಮೂರನೆಯ ವಾರ ನಾವು ಒಬ್ಬರನ್ನೊಬ್ಬರು ತೆಗೆಯಬೇಕಿತ್ತು. ಇಲ್ಲಿ ರೋಲಾ ಬಾರ್ಥ್ ನೆನಪಾಗುತ್ತಾನೆ. 1980ರಲ್ಲಿ ಬಂದ ಅವನ 'ಕ್ಯಾಮೆರಾ ಲೂಸಿಡಾ' ಫೋಟೋ ಕುರಿತ ಪುಸ್ತಕಗಳಲ್ಲಿ ತೀರ ಹೆಸರಾದದ್ದು. ಅದನ್ನು ಬರೆದವನು ಫೋಟೋ ತೆಗೆಯುವವನೇ ಅಲ್ಲ. ತಾಯಿ ತೀರಿಕೊಂಡ ಮೇಲೆ ಅವಳ ಫೋಟೋಗಳಲ್ಲಿ ಅವಳನ್ನು ಹುಡುಕುತ್ತ ಹೋದ ಮಗ ಬರೆದ ಪುಸ್ತಕ ಅದು. ಕೊನೆಗೆ ಅವಳು ಸಿಕ್ಕಿದ್ದು ಐದು ವರ್ಷದ ಮಗುವಾಗಿದ್ದಾಗಿನ ಒಂದು ಫೋಟೋದಲ್ಲಿ. ಅದನ್ನು ಮಾತ್ರ ಅವನು ಪುಸ್ತಕದಲ್ಲಿ ಅಚ್ಚು ಹಾಕಿಸಲಿಲ್ಲ. ಫೋಟೋ ಎಂದರೆ ಮೂರು ಜನರ ವ್ಯವಹಾರ ಎಂದು ಅವನು ವಿಂಗಡಿಸುತ್ತಾನೆ: ತೆಗೆಯುವವರು, ನೋಡುವವರು, ಚಿತ್ರದೊಳಗೆ ಸಿಕ್ಕವರು.

ಪುಸ್ತಕವಾಗಲಿ ವೀಡಿಯೋ ಆಗಲಿ ಕಲಿಯುವವನನ್ನು ಬರಿಯ ತೆಗೆಯುವವನನ್ನಾಗಿ ಮಾಡುತ್ತದೆ. ಆರು ಜನರ ತರಗತಿಯಲ್ಲಿ ಮೂರೂ ಪಾತ್ರ ಸರದಿಯ ಮೇಲೆ ನಿಮಗೆ ಬರುತ್ತವೆ. ಇವತ್ತ ಜನರಿದ್ದರೆ ಬರುವುದಿಲ್ಲ, ಒಬ್ಬರೇ ಇದ್ದರೂ ಬರುವುದಿಲ್ಲ. ಸಣ್ಣ ಗುಂಪಿನ ನಿಜವಾದ ಬೆಲೆ ಇಲ್ಲಿದೆ, ಶಿಕ್ಷಕರ ಗಮನ ಹೆಚ್ಚು ಸಿಗುತ್ತದೆ ಎಂಬುದರಲ್ಲಲ್ಲ. ಬ್ಯಾಂಕಿನ ಹಿರಿಯರು ನನ್ನನ್ನು ಕಿಟಕಿ ಪಕ್ಕ ಕೂರಿಸಿ ಒಂದರ ಮೇಲೊಂದು ತೆಗೆಯುತ್ತಿದ್ದಾಗ ನನ್ನ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅವರಿಗೆ ಏನು ಕಾಣುತ್ತಿದೆಯೋ ಎಂಬ ಅಳುಕು. ಆಮೇಲೆ ಪರದೆಯ ಮೇಲೆ ನನ್ನ ಮುಖ ಬಂದಾಗ ಐವರು ಅದನ್ನು ನೋಡಿ ಬೆಳಕಿನ ಬಗ್ಗೆ ಚರ್ಚಿಸಿದರು. ಅಮ್ಮ ಅವರೆಕಾಯಿಗೆ ಕೈ ಹಾಕಿದ್ದು ಯಾಕೆಂದು ನನಗೆ ಅರ್ಥವಾಯಿತು.

ಇದಾದ ಮರುವಾರವೇ ಕೆ. ಆರ್. ಮಾರ್ಕೆಟ್. ಬೆಂಗಳೂರಿನಲ್ಲಿ ಕ್ಯಾಮೆರಾ ಕಲಿತವರಲ್ಲಿ ಅಲ್ಲಿಗೆ ಹೋಗದವರು ಕಡಿಮೆ. 1905ರಲ್ಲಿ ಈ ಊರಿಗೆ ವಿದ್ಯುತ್ ದೀಪ ಮೊದಲು ಬಂದದ್ದೂ ಆ ಜಾಗಕ್ಕೇ. ಬೆಳಗಿನ ಜಾವ, ಬಲ್ಬಿನ ಹಳದಿ ಬೆಳಕಲ್ಲಿ ಚೆಂಡುಹೂವಿನ ರಾಶಿ. ಮೇಲಿನ ಅಂತಸ್ತಿನ ಕಟ್ಟೆಗೆ ಒರಗಿ ನಿಂತರೆ ಕೆಳಗೆ ಹೂ ಮಾರುವವರು ಬಣ್ಣದ ವೃತ್ತಗಳ ನಡುವೆ ಕೂತಿರುವುದು ಕಾಣುತ್ತದೆ. ನೀವು ಈ ಫೋಟೋ ನೋಡಿಯೇ ಇರುತ್ತೀರಿ, ಯಾಕೆಂದರೆ ಎಲ್ಲರೂ ಅಲ್ಲಿಂದಲೇ ತೆಗೆಯುತ್ತಾರೆ. ನಾವು ಆರೂ ಜನ ಅಲ್ಲಿಂದಲೇ ತೆಗೆದೆವು. ಆ ಎತ್ತರದಲ್ಲಿ ಒಂದು ಅನುಕೂಲವಿದೆ: ಬೇಡ ಎನ್ನುವ ಕೈ ಅಲ್ಲಿಗೆ ಎಟುಕುವುದಿಲ್ಲ.

ಕಾಲೇಜು ಹುಡುಗಿ ಮಾತ್ರ ಕೆಳಗಿಳಿದಳು. ನಾನೂ ಹಿಂದೆ ಹೋದೆ. ಸೇವಂತಿಗೆ ಕಟ್ಟುತ್ತಿದ್ದ ಹೆಂಗಸಿನ ಬಳಿ ಎರಡು ಮೊಳ ಕೊಂಡು, "ಒಂದು ಫೋಟೋ ತೆಗೀಲಾ ಅಕ್ಕಾ?" ಎಂದಳು.

"ಯಾವ ಪೇಪರಿಗೆ?"

"ಪೇಪರಿಗಲ್ಲ, ಕ್ಲಾಸಿಗೆ. ಕಲೀತಾ ಇದೀವಿ."

"ನೀವು ಕಲಿಯೋಕೆ ನಾನ್ಯಾಕೆ?"

ಸಿಟ್ಟಿರಲಿಲ್ಲ, ನಿಜಕ್ಕೂ ಕೇಳಿದ್ದು. ನಮ್ಮಿಬ್ಬರ ಬಳಿಯೂ ಉತ್ತರವಿರಲಿಲ್ಲ. ಆಕೆ ಒಂದು ಕ್ಷಣ ನೋಡಿ, ದಾರ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, "ಸರಿ, ಈಗ ತೆಗಿ" ಎಂದಳು.

ಅಂದು ಮಧ್ಯಾಹ್ನ ಆರೂ ಜನರ ಚಿತ್ರಗಳನ್ನು ಗೋಡೆಯ ಮೇಲೆ ಹಾಕಿ ನೋಡಿದೆವು. ಮೇಲಿಂದ ತೆಗೆದವುಗಳಿಗೆ ಮೆಚ್ಚುಗೆ ಸಿಕ್ಕಿತು. ಹುಡುಗಿಯ ಚಿತ್ರಕ್ಕೆ ಶಿಕ್ಷಕರು, "ಬೆಳಕು ಚೆನ್ನಾಗಿದೆ, ಆದರೆ ಪೋಸ್ ಕೊಟ್ಟಿದ್ದಾರೆ, ಕ್ಯಾಂಡಿಡ್ ಅಲ್ಲ" ಎಂದರು. ಕ್ಯಾಂಡಿಡ್ ಎಂದರೆ ನಿಜ, ಪೋಸ್ ಎಂದರೆ ಸುಳ್ಳು ಎಂಬ ಈ ನಂಬಿಕೆ ಆ ಶಿಕ್ಷಕರೊಬ್ಬರದೇ ಅಲ್ಲ. 1952ರಲ್ಲಿ ಕಾರ್ಟಿಯೇ-ಬ್ರೆಸೋನ್ ಪುಸ್ತಕ ಇಂಗ್ಲಿಷಿನಲ್ಲಿ ಬಂದಾಗಿನಿಂದ 'ನಿರ್ಣಾಯಕ ಕ್ಷಣ' ಎಂಬ ಮಾತು ಬೀದಿ ಫೋಟೋಗ್ರಫಿಯ ಮಂತ್ರವಾಗಿದೆ. ಅದರಿಂದ ದೊಡ್ಡ ಚಿತ್ರಗಳು ಹುಟ್ಟಿವೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನದಿನದ ಬದುಕನ್ನು ತೆಗೆದದ್ದನ್ನು ಕಳ್ಳತನ ಎಂದು ಯಾರೂ ಹೇಳಲಾರರು. ಆದರೆ ಅವರು ಪತ್ರಿಕೆಗಳಿಗೆ ದುಡಿದವರು. ಹೂವಿನ ಹೆಂಗಸಿನ ಮೊದಲ ಪ್ರಶ್ನೆಗೆ ಅವರ ಬಳಿ ಉತ್ತರವಿರುತ್ತಿತ್ತು. ನಮ್ಮ ಬಳಿ ಇರಲಿಲ್ಲ.

ಕ್ಯಾಮೆರಾದ ಭಾಷೆಯಲ್ಲಿ ಬಂದೂಕಿನ ಭಾಷೆ ಅಡಗಿದೆ ಎಂದು ಸೂಸನ್ ಸೋಂಟಾಗ್ 1977ರ 'ಆನ್ ಫೋಟೋಗ್ರಫಿ'ಯಲ್ಲಿ ತೋರಿಸಿದಳು. ಕನ್ನಡವೂ ಪೂರ್ತಿ ನಿರ್ದೋಷಿಯಲ್ಲ. ನಾವು ಫೋಟೋ 'ಹೊಡೆಯುತ್ತೇವೆ', ದೃಶ್ಯ 'ಸೆರೆ ಹಿಡಿಯುತ್ತೇವೆ'. ಆದರೆ ನಮ್ಮಲ್ಲಿ ಇನ್ನೊಂದು ಕ್ರಿಯಾಪದವಿದೆ: ತೆಗೆಸಿಕೊಳ್ಳು. "ಮದುವೆಯಾದ ವರ್ಷ ಮೈಸೂರಲ್ಲಿ ಫೋಟೋ ತೆಗೆಸಿಕೊಂಡೆವು" ಎನ್ನುವಾಗ ವಾಕ್ಯದ ಕರ್ತೃ ಫೋಟೋಗ್ರಾಫರ್ ಅಲ್ಲ, ಎದುರಿಗೆ ಕೂತವರು. ಕೆಲಸ ಅವನದು, ತೀರ್ಮಾನ ಅವರದು. ಹೂವಿನ ಹೆಂಗಸು ಸೆರಗು ಸರಿಮಾಡಿಕೊಂಡದ್ದು ಸುಳ್ಳಲ್ಲ. ಅವಳು ನಾವು ತೆಗೆಯುವ ಫೋಟೋವನ್ನು ತಾನು ತೆಗೆಸಿಕೊಳ್ಳುವ ಫೋಟೋ ಮಾಡಿಕೊಂಡಳು. ತರಗತಿಯ ಮಾನದಂಡಕ್ಕೆ ಅದನ್ನು ಓದುವ ಶಕ್ತಿ ಇರಲಿಲ್ಲ. ಟವೆಲ್ ಮತ್ತು ಕೋಟಿನ ಪಾಠ ಹೇಳಿದ ತರಗತಿಯೇ ತನ್ನ ಸರಾಸರಿಗೆ ಹೊಂದದ ಚಿತ್ರವನ್ನು ಬದಿಗಿಟ್ಟಿತು.

ಹುಡುಗಿ ವಾದಿಸಿದಳು. ಮಗುವಿನ ತಾಯಿ ಅವಳ ಪರ ನಿಂತರು, ಬ್ಯಾಂಕಿನ ಹಿರಿಯರು ಶಿಕ್ಷಕರ ಪರ. ಊಟಕ್ಕೆ ತಡವಾಯಿತು. ಮುಗಿಯದ ಆ ಜಗಳವೇ ನಾಲ್ಕು ವಾರಗಳಲ್ಲಿ ನನಗೆ ಸಿಕ್ಕ ಒಳ್ಳೆಯ ಪಾಠ. ಶಿಕ್ಷಕರು ಸೋಲೊಪ್ಪಲಿಲ್ಲ, ಆದರೆ ಮಾತು ನಿಲ್ಲಿಸಲೂ ಇಲ್ಲ. ಆ ಕಾರಣಕ್ಕೆ, ಇಷ್ಟು ತಕರಾರಿದ್ದೂ, ಕಲಿಯಬೇಕೆನ್ನುವವರಿಗೆ ಇಂಥ ಸಣ್ಣ ತರಗತಿಯನ್ನೇ ಹೇಳುತ್ತೇನೆ. ಗುಂಡಿಗಳ ಪಾಠ ಬೇರೆಡೆಯೂ ಸಿಗುತ್ತದೆ. ನಿಮ್ಮ ಚಿತ್ರದ ಎದುರು ನಿಂತು 'ಇದು ಯಾಕೆ?' ಎಂದು ಕೇಳುವ ಐದು ಜನ ಸಿಗುವುದಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಅಮ್ಮನನ್ನು ಅದೇ ಗೋಡೆಗೆ ಒರಗಿಸಿ ಕೂರಿಸಿದೆ. ಮೀಟರ್ ಗೋಡೆಯನ್ನು ನಂಬುತ್ತದೆಂದು ಗೊತ್ತಿದ್ದರಿಂದ ಪ್ಲಸ್ ಕಡೆಗೆ ಒಂದೂವರೆ ಸ್ಟಾಪ್ ತಿರುಗಿಸಿದೆ. "ತಡಿ" ಎಂದು ಒಳಗೆ ಹೋದವಳು ಹತ್ತು ನಿಮಿಷ ಬರಲಿಲ್ಲ. ಹಸಿರು ಸೀರೆ ಉಟ್ಟು ಬಂದಳು. ಗೋಡೆ ತುಸು ಹೆಚ್ಚೇ ಬೆಳ್ಳಗಾಗಿ, ಒಂದು ಮೂಲೆಯಲ್ಲಿ ಸುಣ್ಣದ ಗೆರೆಗಳೂ ಅಳಿಸಿಹೋದವು. ಮುಖ ಬಂತು. ಅಮ್ಮ ಬಹಳ ಹೊತ್ತು ನೋಡಿ, "ಇದನ್ನ ದೊಡ್ಡದು ಮಾಡಿಸು, ಆ ಹಳೇದರ ಪಕ್ಕ ಹಾಕೋಣ" ಎಂದಳು. ಹಳೆಯದನ್ನು ತೆಗೆಯೋಣವೇ ಎಂದು ಕೇಳಿದೆ. ಬೇಡ, ಅದೂ ಇರಲಿ ಎಂದಳು.