ಅವಕಹಡಾ ಚಕ್ರವೂ ಕೂಸಿನ ಹೆಸರೂ

ಮುಂಬಯಿಯ ಪವಾಯಿ ಸರೋವರದ ಸುತ್ತಮುತ್ತ, ಐಐಟಿಯ ಆವರಣದಿಂದ ಮೊದಲುಗೊಂಡು ಹೀರಾನಂದಾನಿಯ ಗಗನಚುಂಬಿ ಸೌಧಗಳವರೆಗೆ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ, ಅವರು ಉಡುಪಿ ಕುಂದಾಪುರಗಳ ಕಡೆಯವರಾಗಿರಲಿ, ಧಾರವಾಡ ಮೈಸೂರುಗಳ ಕಡೆಯವರಾಗಿರಲಿ, ಕೂಸು ಹುಟ್ಟಿತೆಂದರೆ, ಸಾಂತಾಕ್ರೂಜಿನ ಪೇಜಾವರ ಮಠದಿಂದಲೋ ಮಾಟುಂಗದಿಂದಲೋ ಪುರೋಹಿತರು ಬಂದು ಪುಣ್ಯಾಹ ಮಾಡಿಸುವುದಕ್ಕೆ ಬಹಳ ಮುಂಚೆಯೇ ಒಂದು ಅಕ್ಷರವು ಮನೆಯನ್ನು ಪ್ರವೇಶಿಸಿರುತ್ತದೆ. ಜನನಕಾಲವನ್ನು ಒತ್ತಿದೊಡನೆ ಮೊಬೈಲು ನಕ್ಷತ್ರವನ್ನೂ ಪಾದವನ್ನೂ ಅದಕ್ಕೆ ಸಲ್ಲುವ ಆದ್ಯಕ್ಷರವನ್ನೂ ಹೇಳಿಬಿಡುತ್ತದೆ. ಊರಿನಲ್ಲಿರುವ ಅಜ್ಜಂದಿರು ಒಂಟಿಕೊಪ್ಪಲ್ ಪಂಚಾಂಗವನ್ನು ತಿರುವಿ ಅದನ್ನು ಅನುಮೋದಿಸುತ್ತಾರೆ, ಕೆಲವೊಮ್ಮೆ ಅನುಮೋದಿಸುವುದಿಲ್ಲ. ಅಲ್ಲಿಂದ ಹನ್ನೊಂದನೆಯ ದಿನದವರೆಗೆ, ಆ ಅಕ್ಷರದಿಂದ ಆರಂಭವಾಗಿ ಸಂಸ್ಕೃತದಂತೆ ಕೇಳಿಸುವ, ಆದರೆ ಅದೇ ಕಟ್ಟಡದಲ್ಲಿ ಬೇರಾರೂ ಇಟ್ಟಿರದ ಹೆಸರಿಗಾಗಿ ಅನ್ವೇಷಣೆ ನಡೆಯುತ್ತದೆ. ಇದನ್ನೆಲ್ಲ ವೈದಿಕ ಸಂಪ್ರದಾಯವೆಂದು ಕರೆಯುವುದು ರೂಢಿಯಾಗಿದೆ. ಆ ಮಾತು ಪರೀಕ್ಷೆಗೆ ನಿಲ್ಲುವುದೇ?

ಈ ಅಕ್ಷರಗಳ ಮೂಲವು ಪಂಚಾಂಗಗಳಲ್ಲಿ ಅಚ್ಚಾಗುವ ಅವಕಹಡಾ ಚಕ್ರ. ಅ, ವ, ಕ, ಹ, ಡ ಎಂಬ ಐದು ವರ್ಣಗಳು ಅದರ ಮೊದಲ ಸಾಲು. ಮ, ಟ, ಪ, ರ, ತ ಎರಡನೆಯದು. ನ, ಯ, ಭ, ಜ, ಖ ಮೂರನೆಯದು. ಗ, ಸ, ದ, ಚ, ಲ ನಾಲ್ಕನೆಯದು. ಪ್ರತಿಯೊಂದು ವರ್ಣಕ್ಕೂ ಅ, ಇ, ಉ, ಎ, ಒ ಎಂಬ ಐದು ಸ್ವರಗಳನ್ನು ಹಚ್ಚಿದರೆ ಸಾಲಿಗೆ 25 ಅಕ್ಷರಗಳಾಗುತ್ತವೆ. ಪ್ರತಿ ಸಾಲಿನ ನಡುವೆ ಮೂರು ಹೆಚ್ಚಿನ ವರ್ಣಗಳನ್ನು, ಉದಾಹರಣೆಗೆ ಮೊದಲ ಸಾಲಿನಲ್ಲಿ ಕು ಎಂಬುದರ ಬಳಿಕ ಘ, ಙ, ಛಗಳನ್ನು, ತುರುಕಿದರೆ 28. ಏಳು ನಕ್ಷತ್ರಗಳಿಗೆ ನಾಲ್ಕು ನಾಲ್ಕು ಪಾದಗಳಂತೆ ಲೆಕ್ಕವು ಸರಿಹೋಗುತ್ತದೆ. ನಾಲ್ಕು ಸಾಲುಗಳೂ ಸೇರಿ 112. ಇದು ಕೃತ್ತಿಕೆಯಿಂದ ಎಣಿಸಿದ, ಅಭಿಜಿತ್ತನ್ನು ಒಳಗೊಂಡ 28 ನಕ್ಷತ್ರಗಳ ಹಳೆಯ ಗಣನೆ. ಈಗ ಅಭಿಜಿತ್ತನ್ನು ಬಿಟ್ಟು 108 ಪಾದಗಳನ್ನಷ್ಟೇ ಹಿಡಿಯುವುದರಿಂದ, ಶ್ರವಣಕ್ಕೆ ಒಬ್ಬರು ಜು, ಜೆ, ಜೊ, ಖ ಎಂದೂ ಮತ್ತೊಬ್ಬರು ಖಿ, ಖು, ಖೆ, ಖೊ ಎಂದೂ ಹೇಳುತ್ತಾರೆ.

ಇಷ್ಟನ್ನು ವಿವರವಾಗಿ ಹೇಳಿದುದಕ್ಕೆ ಕಾರಣವಿದೆ. ಈ ಚಕ್ರದಲ್ಲಿ ನಕ್ಷತ್ರದ ಗುಣಕ್ಕೂ ಅಕ್ಷರದ ನಾದಕ್ಕೂ ಯಾವ ಆಂತರಿಕ ಸಂಬಂಧವೂ ಇಲ್ಲ. ಗ್ರಂಥಾಲಯದಲ್ಲಿ ಪುಸ್ತಕದ ಬೆನ್ನಿಗೆ ಅಂಟಿಸುವ ಸಂಖ್ಯೆಯಂತೆ ಇದೊಂದು ವಿಂಗಡಣೆಯ ಉಪಾಯ. 12ನೆಯ ಶತಮಾನದ ‘ನರಪತಿಜಯಚರ್ಯೆ’ಯಂತಹ ಸ್ವರಶಾಸ್ತ್ರಗ್ರಂಥಗಳು ಇಂತಹ ಚಕ್ರಗಳನ್ನು ಯುದ್ಧದ ಜಯಾಪಜಯಗಳನ್ನು ಅರಿಯಲು ಬಳಸಿದವು. ಜನ್ಮನಕ್ಷತ್ರವೇ ಗೊತ್ತಿಲ್ಲದವನಿಗೆ ಹೆಸರಿನ ಮೊದಲಕ್ಷರದಿಂದ ನಾಮನಕ್ಷತ್ರವನ್ನು ಕಂಡುಕೊಡುವುದು ನಮ್ಮ ಜೋಯಿಸರ ಬಳಿ ಇಂದಿಗೂ ಅದಕ್ಕಿರುವ ಉಪಯೋಗ. ಹೆಸರಿನಿಂದ ನಕ್ಷತ್ರಕ್ಕೆ ಹೋಗುವ ದಾರಿಯನ್ನೇ ಹಿಂದುಮುಂದು ಮಾಡಿ, ನಕ್ಷತ್ರದಿಂದ ಹೆಸರನ್ನು ಹೊರಡಿಸುವುದು ಈಗಿನ ಪದ್ಧತಿ.

ಹಾಗಾದರೆ ವೈದಿಕವಾದುದು ಯಾವುದು? ಕನ್ನಡನಾಡಿನ ಋಗ್ವೇದಿಗಳಿಗೆ ಪ್ರಮಾಣವಾದ ಆಶ್ವಲಾಯನ ಗೃಹ್ಯಸೂತ್ರವು ಗಂಡುಮಗುವಿನ ಹೆಸರು ಘೋಷವರ್ಣದಿಂದ ಮೊದಲಾಗಿ, ನಡುವೆ ಅಂತಸ್ಥವನ್ನು ಹೊಂದಿ, ಎರಡೋ ನಾಲ್ಕೋ ಅಕ್ಷರಗಳದಾಗಿರಬೇಕೆನ್ನುತ್ತದೆ. ಹೆಣ್ಣಿಗೆ ವಿಷಮ ಸಂಖ್ಯೆ. ಪತಂಜಲಿಯ ಮಹಾಭಾಷ್ಯವು ಯಾಜ್ಞಿಕರ ಮತವನ್ನು ಹೇಳುತ್ತ, ಹೆಸರು ಮೂರು ತಲೆಮಾರಿನ ಹಿರಿಯರನ್ನು ಅನುಸರಿಸಬೇಕೆಂಬುದನ್ನೂ ಸೇರಿಸುತ್ತದೆ. ಹೆಣ್ಣಿನ ಹೆಸರು ಸುಖೋಚ್ಚಾರ್ಯವೂ ಸ್ಪಷ್ಟಾರ್ಥವೂ ಮನೋಹರವೂ ಆಗಿ ದೀರ್ಘಸ್ವರದಲ್ಲಿ ಮುಗಿಯಲೆಂದು ಮನುವಿನ ಆಶಯ. ಇವೆಲ್ಲವೂ ಕಿವಿಯನ್ನೂ ಕುಲವನ್ನೂ ಆಧರಿಸಿದ ನಿಯಮಗಳು. ಇವುಗಳಲ್ಲಿ ಪಾದಾಕ್ಷರದ ಸುಳಿವಿಲ್ಲ. ಅಷ್ಟೇ ಅಲ್ಲ, ಎರಡಕ್ಕೂ ವಿರೋಧವೇ ಇದೆ: ಅಶ್ವಿನಿಯಲ್ಲಿ ಹುಟ್ಟಿದ ಗಂಡುಕೂಸಿಗೆ ಚಕ್ರವು ಚು, ಚೆ, ಚೊಗಳನ್ನು ಕೊಟ್ಟರೆ, ಚಕಾರವು ಅಘೋಷವಾದುದರಿಂದ ಸೂತ್ರಕ್ಕೆ ಅದು ಒಪ್ಪದು. ಆರ್ದ್ರೆಯ ಮೂರನೆಯ ಪಾದದ ಙ, ಹಸ್ತೆಯ ಮೂರನೆಯ ಪಾದದ ಣ, ಉತ್ತರಾಭಾದ್ರೆಯ ನಾಲ್ಕನೆಯ ಪಾದದ ಞ ಇವುಗಳಿಂದ ಆರಂಭವಾಗುವ ಹೆಸರನ್ನು ಯಾವ ಪಂಡಿತನು ತಂದುಕೊಡುವನು? ಪುರೋಹಿತರು ಗ, ನ, ಜಗಳಿಂದ ಸರಿತೂಗಿಸುತ್ತಾರೆ. ಸರಿತೂಗಿಸಬಹುದಾದ ನಿಯಮವು ಉಳಿದ ಪಾದಗಳವರಿಗೆ ಮಾತ್ರ ಏಕೆ ಕಟ್ಟುನಿಟ್ಟಾಗಬೇಕೆಂದು ಯಾರೂ ಕೇಳುವುದಿಲ್ಲ.

ನಕ್ಷತ್ರಕ್ಕೂ ಹೆಸರಿಗೂ ಪ್ರಾಚೀನರಲ್ಲಿ ನಂಟೇ ಇರಲಿಲ್ಲವೆಂದು ಇದರಿಂದ ಭಾವಿಸಬಾರದು. ತಿಷ್ಯ, ಪುನರ್ವಸು, ಸ್ವಾತಿ, ಅನುರಾಧ ಎಂದು ನಕ್ಷತ್ರದ ಹೆಸರನ್ನೇ ಮನುಷ್ಯನಿಗೆ ಇಡುವುದನ್ನು ಪಾಣಿನಿಯ ಸೂತ್ರವು ಬಲ್ಲದು. ನಕ್ಷತ್ರದಿಂದಲೋ ಅದರ ದೇವತೆಯಿಂದಲೋ ಅಭಿವಾದನೆಗಾಗಿ ಒಂದು ಹೆಸರನ್ನು ಕಲ್ಪಿಸುವುದನ್ನು ಗೃಹ್ಯಸೂತ್ರಕಾರನಾದ ಗೋಭಿಲನು ಹೇಳುತ್ತಾನೆ. ಅಂತಹ ಅಭಿವಾದನೀಯ ನಾಮವು ಉಪನಯನದವರೆಗೆ ತಂದೆತಾಯಿಗಳಿಗೆ ಮಾತ್ರ ತಿಳಿದಿರಲೆಂದು ಆಶ್ವಲಾಯನನ ವಿಧಿ. (ನಕ್ಷತ್ರದ ಹೆಸರುಳ್ಳ ಕನ್ಯೆಯನ್ನು ವರಿಸಬಾರದೆಂದು ಮನುವು ನಿಷೇಧಿಸಿದನು, ಮನೆಮನೆಯ ರೋಹಿಣಿ, ರೇವತಿ, ಸ್ವಾತಿಯರನ್ನು ನೋಡಿದರೆ ಅವನ ಮಾತನ್ನು ಯಾರೂ ಲೆಕ್ಕಿಸಲಿಲ್ಲವೆಂದು ತಿಳಿಯುತ್ತದೆ, ಒಳ್ಳೆಯದೇ ಆಯಿತು.)

ಗಣಿತದ ಮಾತೂ ಇದೆ. ಒಂದು ಪಾದವೆಂದರೆ 3 ಅಂಶ 20 ಕಲೆ. ಚಂದ್ರನು ಅದನ್ನು ದಾಟಲು ಸುಮಾರು ಆರು ಗಂಟೆ ಬೇಕು. ನಕ್ಷತ್ರಚಕ್ರದ ಆರಂಭಬಿಂದುವನ್ನು ಗೊತ್ತುಮಾಡುವ ಅಯನಾಂಶದ ಲೆಕ್ಕಗಳಲ್ಲಿ, ಕೇಂದ್ರ ಸರ್ಕಾರದ ಪಂಚಾಂಗವು ಅಂಗೀಕರಿಸಿದ ಲಾಹಿರಿ ಅಯನಾಂಶಕ್ಕೂ ಬೆಂಗಳೂರಿನ ಬಿ. ವಿ. ರಾಮನ್ ಅವರು ಬಳಸಿದ ಅಯನಾಂಶಕ್ಕೂ ಸುಮಾರು ಒಂದೂವರೆ ಅಂಶದ ಅಂತರವಿರುವುದರಿಂದ, ಹತ್ತು ಕೂಸುಗಳಲ್ಲಿ ನಾಲ್ಕಕ್ಕೆ ಒಬ್ಬರ ಲೆಕ್ಕದ ಪಾದ ಮತ್ತೊಬ್ಬರ ಲೆಕ್ಕದಲ್ಲಿ ಬದಲಾಗುತ್ತದೆ. ಅಜ್ಜನ ಪಂಚಾಂಗವೂ ಮೊಮ್ಮಗನ ಮೊಬೈಲೂ ಜಗಳವಾಡಿದರೆ ಆಶ್ಚರ್ಯವೇನು!

ಪವಾಯಿಯಂತಹ ನೆಲೆಯಲ್ಲಿ ಇದಕ್ಕೆ ರೋಮನ್ ಲಿಪಿಯ ಗೊಂದಲವೂ ಕೂಡಿಕೊಂಡಿದೆ. ಆಶ್ಲೇಷೆಯ ಡಕಾರವೂ ಪೂರ್ವಾಭಾದ್ರೆಯ ದಕಾರವೂ, ಪುಬ್ಬೆಯ ಟಕಾರವೂ ವಿಶಾಖೆಯ ತಕಾರವೂ ಆ ಲಿಪಿಯಲ್ಲಿ ಒಂದೇ ಆಗಿಬಿಡುವುದರಿಂದ, ಆಶ್ಲೇಷೆಯ ಮಗುವಿಗೆ ‘ದೀಪಿಕಾ’ ಎಂದು ಇಟ್ಟು ಶಾಸ್ತ್ರ ನಡೆಯಿತೆಂದು ಸಮಾಧಾನಗೊಳ್ಳುವವರುಂಟು. ಅಕ್ಷರವೊಂದೇ ಮುಖ್ಯವಾದಾಗ ಅರ್ಥವು ಅನಾಥವಾಗುತ್ತದೆ. ‘ರೇಯಾಂಶ’ ಎಂಬ ಹೆಸರಿಗೆ ವಿಷ್ಣುವಿನ ಕಿರಣವೆಂದು ಅರ್ಥ ಹೇಳುತ್ತಾರೆ; ಆ ಸಮಾಸವನ್ನು ಬಿಡಿಸಿಕೊಡಬಲ್ಲ ವೈಯಾಕರಣನು ದೊರೆಯುವುದು ಕಷ್ಟ. ‘ಅನಯ’ ಎಂದು ಮುದ್ದಾಗಿ ಕರೆಯಲ್ಪಡುವ ಮಗುವಿಗೆ ಸಂಸ್ಕೃತಕೋಶವು ದುರ್ನೀತಿಯೆಂಬ ಅರ್ಥವನ್ನು ಕೊಡುತ್ತದೆ. ಸಂಸ್ಕೃತದ ಗೌರವಕ್ಕಾಗಿ ಸಂಸ್ಕೃತವನ್ನೇ ಕೇಳದಿರುವುದು ಈ ಅಭಿರುಚಿಯ ದೊಡ್ಡ ದೋಷ.

ಇದಕ್ಕೆ ಹೋಲಿಸಿದರೆ ಕ್ರಿಯಾಭಾಗವು ಎಷ್ಟೋ ಸುಂದರವಾಗಿದೆ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಹೆಸರನ್ನು ಬರೆದು, ಕೂಸಿನ ಕಿವಿಯಲ್ಲಿ ಮೂರು ಸಲ ಉಸುರಿ, ತೊಟ್ಟಿಲಿಗೆ ಹಾಕುವ ಆಚಾರದಲ್ಲಿಯೂ, ನೆರೆಯ ಮರಾಠಿಗರ ಬಾರಸೆಯಲ್ಲಿ ಸೋದರತ್ತೆಗೆ ಹೆಸರಿಡುವ ಹಕ್ಕನ್ನು ಕೊಟ್ಟಿರುವುದರಲ್ಲಿಯೂ ಕುಟುಂಬದ ಪ್ರೀತಿಯು ಪ್ರತ್ಯಕ್ಷವಾಗಿದೆ. ಮಕ್ಕಳು ಉಳಿಯದ ಮನೆಯಲ್ಲಿ ಯಮನ ಕಣ್ಣು ತಪ್ಪಿಸಲು ಗುಂಡ, ಕಲ್ಲ, ತಿಪ್ಪ ಎಂದು ಹೆಸರಿಟ್ಟ ನಮ್ಮ ಹಳ್ಳಿಗರಿಗೂ, ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟವರಿಗೂ ಹೆಸರಿನ ಹೊಣೆ ಚೆನ್ನಾಗಿ ತಿಳಿದಿತ್ತು. ಪತಂಜಲಿಯು ಹೇಳಿದ ಮೂರು ತಲೆಮಾರಿನ ನಿಯಮವನ್ನು ಪಾಲಿಸಿದವರು ಈ ಎರಡನೆಯವರೇ.

ನಕ್ಷತ್ರದ ಹೆಸರಿಗೂ ಕರೆಯುವ ಹೆಸರಿಗೂ ನಡುವಿನ ಈ ತೊಡಕನ್ನು ಧರ್ಮಶಾಸ್ತ್ರಕಾರರೂ ಬಲ್ಲವರಾಗಿದ್ದರು. ‘ನಿರ್ಣಯಸಿಂಧು’, ‘ಧರ್ಮಸಿಂಧು’ಗಳಂತಹ ನಿಬಂಧಗಳು ಮಗುವಿಗೆ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ನಾಲ್ಕನ್ನು ಹೇಳುತ್ತವೆ, ಮಾರ್ಗಶಿರದಲ್ಲಿ ಹುಟ್ಟಿದವನು ಮಾಸದಿಂದ ಕೃಷ್ಣನಾದರೂ ವ್ಯವಹಾರದಲ್ಲಿ ಬೇರೆ ಯಾವ ಹೆಸರಿನವನಾಗಿಯೂ ಇರಬಹುದು. ಪಾದಾಕ್ಷರದ ಹೆಸರು ಅಕ್ಕಿಯ ಮೇಲೆ ಮೂರನೆಯ ಸಾಲಿನಲ್ಲಿರಲಿ. ಶಾಲೆಯಲ್ಲಿ ಕೂಗುವ ಹೆಸರಿಗೆ ಅದನ್ನು ಯಜಮಾನನನ್ನಾಗಿ ಮಾಡಬೇಕೆಂದು ಯಾವ ಪ್ರಾಚೀನಗ್ರಂಥದ ಒತ್ತಾಯವೂ ಇಲ್ಲ. ಆಸ್ಪತ್ರೆಯ ಕಾಗದಕ್ಕೆ ಹೆದರಿ ಅವಸರಪಡುವ ತಂದೆತಾಯಿಗಳು ಇನ್ನೊಂದನ್ನು ನೆನಪಿಡಬೇಕು: 1969ರ ಜನನ ಮರಣ ನೋಂದಣಿ ಕಾನೂನಿನಂತೆ ಹೆಸರಿಲ್ಲದೆಯೂ ಜನನವನ್ನು ದಾಖಲಿಸಬಹುದು; ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ, ಅನಂತರ ಹದಿನೈದು ವರ್ಷಗಳವರೆಗೆ ತಡದ ಶುಲ್ಕವನ್ನು ತೆತ್ತು, ಹೆಸರನ್ನು ಸೇರಿಸಲು ಅವಕಾಶವಿದೆ.