ಹರಪನಹಳ್ಳಿ ಭೀಮವ್ವನವರು: ಸ್ವಪ್ನದ ಕಥೆಯೂ ಕಾವ್ಯದ ವಿಚಾರವೂ

ಹರಿದಾಸ ವಾಙ್ಮಯವನ್ನು ಕುರಿತು ಬರೆಯುವವರು ಪುರಂದರ, ಕನಕ, ವಿಜಯ, ಗೋಪಾಲ, ಜಗನ್ನಾಥರ ವಿಷಯವಾಗಿ ವಿಸ್ತಾರವಾಗಿ ವಿಚಾರಮಾಡಿ, ಕೊನೆಯಲ್ಲಿ ಸ್ತ್ರೀ ಹರಿದಾಸರೆಂದು ಒಂದು ಸಣ್ಣ ಪ್ರಕರಣವನ್ನು ಸೇರಿಸುವುದುಂಟು. ಹೆಳವನಕಟ್ಟೆ ಗಿರಿಯಮ್ಮ, ಗಲಗಲಿ ಅವ್ವ, ಹರಪನಹಳ್ಳಿ ಭೀಮವ್ವ, ಈ ಮೂವರ ಹೆಸರುಗಳು ಅಲ್ಲಿ ಒಟ್ಟಿಗೆ ಬರುತ್ತವೆ. ಅವರಲ್ಲಿ ಭೀಮವ್ವನವರ ಪ್ರಸ್ತಾಪ ಬಂದಾಗ ಕೃತಿವಿಚಾರಕ್ಕೆ ಮೊದಲೇ ಒಂದು ಕಥೆ ಅಡ್ಡ ನಿಲ್ಲುತ್ತದೆ. ನಾರದ ಮಹರ್ಷಿಗಳು ಸ್ವಪ್ನದಲ್ಲಿ ಕಾಣಿಸಿಕೊಂಡು ಅವರಿಗೆ 'ಭೀಮೇಶಕೃಷ್ಣ' ಎಂಬ ಅಂಕಿತವನ್ನು ಅನುಗ್ರಹಿಸಿದರೆಂದೂ, ಅಂದಿನಿಂದ ಹಾಡುಗಳು ತಾವಾಗಿ ಹೊರಹೊಮ್ಮಿದುವೆಂದೂ ಹೇಳುವುದೇ ಆ ಕಥೆ. ಈ ಕಥೆಯನ್ನು ಹೇಗೆ ಓದಬೇಕು, ಅದರಿಂದ ಕಾವ್ಯದ ವಿಚಾರಕ್ಕೆ ಉಂಟಾಗಿರುವ ಲಾಭನಷ್ಟಗಳೇನು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಚರಿತ್ರಾಂಶಗಳನ್ನು ನೋಡೋಣ. ಭೀಮವ್ವನವರು 1823ರಲ್ಲಿ ನಾರಾಯಣದೇವರಕೆರೆಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿಯೇ ವಿವಾಹವಾಗಿ ಹರಪನಹಳ್ಳಿಯನ್ನು ಸೇರಿದರು; ನಡುವಯಸ್ಸು ದಾಟುವ ಮೊದಲೇ ವೈಧವ್ಯವನ್ನು ಅನುಭವಿಸಿದರು; 1903ರಲ್ಲಿ ದೇಹವನ್ನು ಬಿಟ್ಟರು. ಅವರು ಹುಟ್ಟಿದ ಊರು ಮುಂದೆ ತುಂಗಭದ್ರಾ ಜಲಾಶಯದಲ್ಲಿ ಮುಳುಗಿಹೋಯಿತು. ಅವರ ಕಾಲದಲ್ಲಿ ಈ ಪ್ರದೇಶವೆಲ್ಲ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. ಜಿಲ್ಲೆಯ ಬಹುಭಾಗವು ಮೈಸೂರಿಗೆ ಬಂದುದು 1953ರಲ್ಲಿ. ಅನೇಕ ಗಡಿಗಳು ಬದಲಾಯಿಸಿ ಹರಪನಹಳ್ಳಿಯು 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳನ್ನು ಒಳಗೊಂಡ ಈ ಸೀಮೆಯು ಮೈಲಾರಲಿಂಗನ ಗೊರವರಿಗೂ ಕೊಟ್ಟೂರು ಬಸವೇಶ್ವರನ ಭಕ್ತರಿಗೂ ತವರು. ಹಾಡಿನ ಮೂಲಕವೇ ಧರ್ಮವನ್ನು ಉಳಿಸಿಕೊಂಡು ಬಂದ ನಾಡಿದು. ಭೀಮವ್ವನವರ ಕಿವಿಯು ಇಂತಹ ನೆಲದಲ್ಲಿ ಪಳಗಿದುದೆಂಬುದನ್ನು ಮರೆಯಬಾರದು.

ಇನ್ನು ಸ್ವಪ್ನದ ವಿಷಯ. ದಾಸಪರಂಪರೆಯಲ್ಲಿ ಅಂಕಿತವೆಂಬುದು ಕೇವಲ ಕಾವ್ಯನಾಮವಲ್ಲ. ಅದು ಗುರುವಿನಿಂದ ಶಿಷ್ಯನಿಗೆ ಬರತಕ್ಕ ಅಧಿಕಾರಮುದ್ರೆ. ವಿಜಯದಾಸರಿಂದ ಗೋಪಾಲದಾಸರಿಗೆ ಅದು ಹೀಗೆಯೇ ಬಂದಿತು. ಆದರೆ ವಿಜಯದಾಸರಿಗೆ (1682–1755) ಪುರಂದರದಾಸರೇ ಸ್ವಪ್ನದಲ್ಲಿ ಅಂಕಿತವನ್ನಿತ್ತರೆಂದು ಸಂಪ್ರದಾಯವು ಹೇಳುತ್ತದೆ. ಪರಂಪರೆಯ ಕೊಂಡಿಯು ಕಾಲದಿಂದ ಕಡಿದುಹೋದಲ್ಲಿ ಸ್ವಪ್ನವು ಅದನ್ನು ಕೂಡಿಸಿತು. ಪುರಂದರದಾಸರು ನಾರದಾಂಶರೆಂಬ ನಂಬಿಕೆಯನ್ನು ನೆನೆದರೆ ಭೀಮವ್ವನವರ ಸ್ವಪ್ನದ ಅರ್ಥವು ಸ್ಪಷ್ಟವಾಗುತ್ತದೆ. ವಿಧವೆಯಾದ ಗೃಹಿಣಿಯೊಬ್ಬಳು ಗುರುಕುಲದ ಬಾಗಿಲಿಗೆ ಹೋಗಿ ಅಧಿಕಾರವನ್ನು ಬೇಡುವುದು ಆ ಕಾಲದಲ್ಲಿ ಸುಲಭವಾಗಿರಲಿಲ್ಲ. ಪರಂಪರೆಯ ಮೂಲಪುರುಷನೇ ಆಕೆಯಿದ್ದಲ್ಲಿಗೆ ಬಂದನೆಂದರೆ ಆ ಅಧಿಕಾರವನ್ನು ಪ್ರಶ್ನಿಸಬಲ್ಲವರು ಯಾರು? ಆದಕಾರಣ ಈ ಕಥೆಯು ಬರಿಯ ಪವಾಡವರ್ಣನೆಯಲ್ಲ. ಹಾಡುವ ಹಕ್ಕನ್ನು ಸ್ಥಾಪಿಸುವ ಪ್ರಮಾಣವಾಕ್ಯ.

ಇಂತಹ ಪ್ರಮಾಣವು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಹದಿನಾರನೆಯ ಶತಮಾನದ ಯೆಹೂದಿ ಪಂಡಿತರಲ್ಲಿ ಅಗ್ರಗಣ್ಯರಾದ ಯೋಸೇಫ್ ಕಾರೋ (1488–1575) ಎಂಬವರ ವಿಷಯವನ್ನು ಇಲ್ಲಿ ಹೋಲಿಸಿ ನೋಡಬಹುದು. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಜನಾಂಗದವರಾದ ಇವರು ಓಟ್ಟೊಮನ್ ರಾಜ್ಯದಲ್ಲಿ ನೆಲೆಸಿ, ಕೊನೆಗೆ ಗಲಿಲಾಯದ ಸಫೇದ್ ನಗರವನ್ನು ಸೇರಿದರು. ಇವರ 'ಶುಲ್ಹಾನ್ ಆರುಖ್' ಎಂಬ ಧರ್ಮಶಾಸ್ತ್ರಗ್ರಂಥವು 1565ರಲ್ಲಿ ವೆನಿಸ್ಸಿನಲ್ಲಿ ಮುದ್ರಿತವಾಗಿ ಇಂದಿಗೂ ಪ್ರಮಾಣವೆನಿಸಿದೆ. ಇಂತಹ ಶುಷ್ಕ ಶಾಸ್ತ್ರಕಾರರಿಗೆ ರಾತ್ರಿಯಲ್ಲಿ ಒಂದು ದಿವ್ಯವಾಣಿಯು ಉಪದೇಶಿಸುತ್ತಿದ್ದಿತು. ಅದು ಅವರ ಬಾಯಿಂದಲೇ ಹೊರಡುತ್ತಿದ್ದಿತೆಂದು ಅವರ ಸ್ನೇಹಿತರಾದ ಸೊಲೊಮೋನ್ ಅಲ್ಕಬೇಟ್ಸ್ ಎಂಬವರು ಪತ್ರದಲ್ಲಿ ಬರೆದಿರುವರು. ವಾಣಿಯು ತಾನು ಮಿಶ್ನಾ, ಎಂದರೆ ಅವರು ನಿತ್ಯವೂ ಪಾರಾಯಣಮಾಡುತ್ತಿದ್ದ ಸ್ಮೃತಿಯೇ, ಎಂದು ಹೇಳಿಕೊಳ್ಳುತ್ತಿದ್ದಿತು. ಅದು ಅವರ ಊಟತಿಂಡಿಗಳ ಅಳತೆಯನ್ನು ಕುರಿತು ಕೂಡ ಅವರನ್ನು ಗದರಿಸುತ್ತಿದ್ದಿತು. ಈ ಉಪದೇಶಗಳ ದಿನಚರಿಯು 'ಮಗ್ಗೀದ್ ಮೇಶಾರೀಂ' ಎಂಬ ಹೆಸರಿನಿಂದ ಉಳಿದಿದೆ. ಶಾಸ್ತ್ರಕಾರನಿಗೂ ಸ್ವಪ್ನದರ್ಶಿಗೂ ಹೊಂದಿಕೆಯಾಗದೆಂದು ಭಾವಿಸಿ ಕೆಲವು ಪಂಡಿತರು ಈ ದಿನಚರಿಯು ಅವರದಲ್ಲವೆಂದು ವಾದಿಸಿದರು. ವರ್ಬ್ಲೋವ್ಸ್ಕಿ ಎಂಬ ವಿದ್ವಾಂಸರು 1962ರ ತಮ್ಮ ಗ್ರಂಥದಲ್ಲಿ ಇವೆರಡೂ ಒಬ್ಬರ ಜೀವನದಲ್ಲಿಯೇ ಕೂಡಿದ್ದುವೆಂದು ನಿರೂಪಿಸಿದರು.

ಈ ಹೋಲಿಕೆಯಿಂದ ಎರಡು ಸಂಗತಿಗಳು ಹೊರಬೀಳುತ್ತವೆ. ಮೊದಲನೆಯದು, ದಿವ್ಯವಾಣಿಯು ಕೇಳುವವರಿಗೆ ಪರಿಚಿತವಾದ ವಿದ್ಯೆಯ ರೂಪದಲ್ಲಿಯೇ ಬರುತ್ತದೆ. ಕಾರೋ ಅವರಿಗೆ ಬಂದುದು ಸ್ಮೃತಿ. ಭೀಮವ್ವನವರಿಗೆ ಬಂದವನು ವೀಣಾಪಾಣಿಯಾದ ಗಾಯಕ. ಎರಡನೆಯದು ನಮ್ಮ ವಿಮರ್ಶೆಗೆ ಹೆಚ್ಚು ಮುಖ್ಯವಾದುದು. ಕಾರೋ ಅವರ ವಿಷಯದಲ್ಲಿಯಾಗಲಿ ವಿಜಯದಾಸರ ವಿಷಯದಲ್ಲಿಯಾಗಲಿ ಸ್ವಪ್ನವಿದ್ದುದರಿಂದ ಪಾಂಡಿತ್ಯವಿರಲಿಲ್ಲವೆಂದು ಯಾರೂ ಹೇಳಲಿಲ್ಲ. ಭೀಮವ್ವನವರ ವಿಷಯದಲ್ಲಾದರೋ ಸ್ವಪ್ನವೇ ವಿದ್ಯೆಯ ಸ್ಥಾನವನ್ನು ಆಕ್ರಮಿಸಿದೆ. ಓದುಬರಹವಿಲ್ಲದ ಹೆಂಗಸು, ನಾರದರು ಕೊಟ್ಟರು, ಆಕೆ ಹಾಡಿದಳು: ಇಷ್ಟರಲ್ಲಿ ವಿಚಾರವು ಮುಗಿದುಹೋಗುತ್ತದೆ. ಆಕೆಗೆ ಹಾಡುವ ಹಕ್ಕನ್ನು ತಂದುಕೊಟ್ಟ ಕಥೆಯೇ ಆಕೆಯ ಕವಿಕರ್ಮವನ್ನು ಮರೆಮಾಡಿತೆಂಬುದು ಶೋಚನೀಯ.

ವಾಸ್ತವವಾಗಿ ಭೀಮವ್ವನವರಿಗೆ ಪಾಠಶಾಲೆಯು ಇರಲಿಲ್ಲವೆಂದು ಹೇಳುವಂತಿಲ್ಲ. ಮದುವೆ, ಸೀಮಂತ, ತೊಟ್ಟಿಲು, ಆರತಿ, ಉರುಟಣೆಗಳಲ್ಲಿ ಹಾಡುವ ಹೆಂಗಸರ ಗೋಷ್ಠಿಯೇ ಆ ಪಾಠಶಾಲೆ. ಹದಿನೆಂಟನೆಯ ಶತಮಾನದಲ್ಲಿ ಗಿರಿಯಮ್ಮನವರು ಚಂದ್ರಹಾಸನ ಕಥೆಯನ್ನೂ ಸೀತಾಕಲ್ಯಾಣವನ್ನೂ ಹಾಡಾಗಿ ರಚಿಸಿ ಈ ಗೋಷ್ಠಿಗೆ ಒಪ್ಪಿಸಿದ್ದರು. ಗಲಗಲಿ ಅವ್ವನವರ ಮುಯ್ಯದ ಹಾಡು ಅತ್ತಿಗೆನಾದಿನಿಯರ ಸರಸವಾಗ್ವಾದವನ್ನೇ ಭಕ್ತಿಯ ವಾಹನವಾಗಿ ಮಾಡಿತ್ತು. ಇಲ್ಲಿ ಕಂಠವೇ ಪುಸ್ತಕ, ನೆನಪೇ ಭಂಡಾರ.

ಭೀಮವ್ವನವರ ದೀರ್ಘಕೃತಿಗಳಲ್ಲಿ ನಳಚರಿತ್ರೆ, ಸುಭದ್ರಾಕಲ್ಯಾಣ, ಸುಧಾಮಚರಿತ್ರೆ ಎಂಬ ಮೂರನ್ನು ಒಟ್ಟಿಗೆ ಇಟ್ಟು ನೋಡಿದರೆ ವಸ್ತುವಿನ ಆಯ್ಕೆಯಲ್ಲಿಯೇ ಒಂದು ವಿವೇಕವು ಕಾಣುತ್ತದೆ. ಮೂರು ಕಥೆಗಳಲ್ಲಿಯೂ ಪುರುಷನು ತನ್ನ ನಿಜಸ್ವರೂಪವು ಮರೆಯಾದ ಸ್ಥಿತಿಯಲ್ಲಿ ಅನ್ಯರ ಬಾಗಿಲಿಗೆ ಬರುತ್ತಾನೆ. ನಳನು ಕುರೂಪಿಯಾದ ಬಾಹುಕ, ಅರ್ಜುನನು ಕಪಟಯತಿ, ಸುಧಾಮನು ಹರಕು ಬಟ್ಟೆಯ ಬಡವ. ಮೂರರಲ್ಲಿಯೂ ಕಥೆಯ ತಿರುವು ಅನ್ನದ ಸಮೀಪದಲ್ಲಿದೆ. ವನಪರ್ವದಲ್ಲಿ ದಮಯಂತಿಯು ದಾಸಿಯಾದ ಕೇಶಿನಿಯನ್ನು ಕಳುಹಿಸಿ, ಬಾಹುಕನು ಮಾಡಿದ ಅಡಿಗೆಯನ್ನು ತರಿಸಿ, ಅದರ ರುಚಿಯಿಂದ ಗಂಡನ ಗುರುತನ್ನು ಹಿಡಿಯುತ್ತಾಳೆ. ಭಾಗವತದಲ್ಲಿ ಬಲರಾಮನು ಯತಿಯನ್ನು ಭಿಕ್ಷೆಗೆಂದು ಮನೆಗೆ ಕರೆದಾಗಲೇ ಸುಭದ್ರೆಯ ದೃಷ್ಟಿಯು ಅರ್ಜುನನ ಮೇಲೆ ಬೀಳುತ್ತದೆ. ಸುಧಾಮನ ಪತ್ನಿಯು ನೆರೆಹೊರೆಯಲ್ಲಿ ಬೇಡಿತಂದ ನಾಲ್ಕು ಹಿಡಿ ಅವಲಕ್ಕಿಯಿಂದಲೇ ದ್ವಾರಕೆಯ ಐಶ್ವರ್ಯವು ಕದಲುತ್ತದೆ. ಎರಡನೆಯ ಹಿಡಿಗೆ ಕೈ ತಡೆಯುವವಳೂ ಲಕ್ಷ್ಮಿಯೇ.

ಅಡಿಗೆಯ ಮನೆಯನ್ನು ಬಲ್ಲವರಿಗೆ ಈ ಸನ್ನಿವೇಶಗಳ ಭಾರವು ತಾನೇ ತಿಳಿಯುತ್ತದೆ. ಕನಕದಾಸರು ಇದೇ ನಳನ ಕಥೆಯನ್ನು ಭಾಮಿನೀಷಟ್ಪದಿಯಲ್ಲಿ ಹೇಳಿದರು. ಅದು ವಾಚನಕಾರನು ಸಭೆಯಲ್ಲಿ ಓದತಕ್ಕ ಕಾವ್ಯ. ಭೀಮವ್ವನವರದು ಹೆಂಗಸರು ಕೂಡಿ ಹಾಡತಕ್ಕ ಕಥೆ. ಷಟ್ಪದಿಯ ಬಿಗಿಯನ್ನು ಇಲ್ಲಿ ಹುಡುಕಿ ಇಲ್ಲವೆನ್ನುವುದು ನ್ಯಾಯವಲ್ಲ. ನುಡಿಯಿಂದ ನುಡಿಗೆ ಮರಳುವ ಪಲ್ಲವಿ, ನೆನಪಿಗೆ ಊರುಗೋಲಾಗುವ ಪುನರುಕ್ತಿ, ಬಳಕೆಯ ಮಾತು, ಇವೆಲ್ಲ ಗೇಯಕಥನದ ಸಾಧನಗಳು, ಅಭ್ಯಾಸಹೀನತೆಯ ಗುರುತುಗಳಲ್ಲ. ಆದರೂ ಎಲ್ಲವೂ ಸಮಾನವಾಗಿ ಗಟ್ಟಿಯೆಂದು ಹೇಳುವುದೂ ವಿಮರ್ಶೆಯಾಗದು. ದೇವತಾನಾಮಗಳ ಪಟ್ಟಿಯಾಗಿ ಸಾಗುವ ಸ್ತುತಿಗಳಿಗೆ ಪೂಜೆಯಲ್ಲಿ ಬೆಲೆಯುಂಟು. ಕಾವ್ಯವಾಗಿ ಅವು ಕಥನಕೃತಿಗಳ ಮಟ್ಟಕ್ಕೆ ಏರುವುದಿಲ್ಲ.

ಇದರಿಂದ ಅಧ್ಯಾಪಕರಿಗೂ ಸಂಪಾದಕರಿಗೂ ಒಂದು ಕರ್ತವ್ಯವು ಒದಗುತ್ತದೆ. ಇಂತಹ ಕೃತಿಗಳ ಪರಿಷ್ಕರಣವು ಅಚ್ಚಿನ ಪಾಠವನ್ನು ಮಾತ್ರ ನಂಬಿದರೆ ಸಾಲದು; ಮನೆಮನೆಗಳಲ್ಲಿ ಹಾಡುವವರ ಪಾಠಭೇದಗಳನ್ನೂ ಮಟ್ಟುಗಳನ್ನೂ ಕೂಡಿಸಿಕೊಳ್ಳಬೇಕು. ಗದ್ದೆಮನೆಗಳೊಡನೆ ಒಂದು ಊರೇ ನೀರಿನ ಪಾಲಾದ ಈ ಸೀಮೆಯಲ್ಲಿ, ಹಾಡುವ ಕಂಠಗಳೊಡನೆ ಪಾಠಗಳೂ ಮುಳುಗಿಹೋಗುವುದಕ್ಕೆ ಬಹುಕಾಲ ಬೇಕಾಗಿಲ್ಲ. ಸ್ವಪ್ನದ ಕಥೆಯನ್ನು ತಳ್ಳಿಹಾಕಬೇಕಾದುದಿಲ್ಲ. ಅದು ಆಕೆಯ ಬಾಳಿನ ಸತ್ಯಕ್ಕೆ ಸೇರಿದುದು. ಆದರೆ ನಾರದರು ಕೊಟ್ಟುದು ಅಂಕಿತವನ್ನು. ನುಡಿಯನ್ನು ಹೊಸೆದವರು ಭೀಮವ್ವನವರು. ಇವೆರಡನ್ನೂ ಬೇರ್ಪಡಿಸಿ ಓದಿದಾಗಲೇ ಆ ಸಣ್ಣ ಪ್ರಕರಣವು ಸಾಹಿತ್ಯಚರಿತ್ರೆಯ ನಡುವಿಗೆ ಬಂದೀತು.